ಹುಣಸೆ ಬೀಜದ ಪುಸ್ತಕ

ಸತ್ತು ಬೇರೆ ಲೋಕದಲ್ಲಿ ಮತ್ತೆ ಹುಟ್ಟುವವರ ಕತೆಗಳು ಜಪಾನಿನ ಅನಿಮೆಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಹೆಚ್ಚಿನವರಿಗೆ ಹುಟ್ಟುತ್ತಲೇ ಕತ್ತಿಯೋ ಮಾಯಾಶಕ್ತಿಯೋ ಕೈಗೆ ಬಂದುಬಿಡುತ್ತದೆ. ಮಿಯಾ ಕಝುಕಿ 2013ರಲ್ಲಿ ಬರೆಯತೊಡಗಿದ, 2019ರಲ್ಲಿ ಅನಿಮೆಯಾಗಿ ಬಂದ ‘ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್’ ಹಾಗಲ್ಲ. ಅದರ ನಾಯಕಿಗೆ ಸಿಗುವುದು ಸದಾ ಜ್ವರ ಬರುವ ಐದು ವರ್ಷದ ಮೈ, ಕಾವಲು ಕೆಲಸದ ಅಪ್ಪ, ಬಟ್ಟೆಗೆ ಬಣ್ಣ ಹಾಕುವಲ್ಲಿಗೆ ದುಡಿಯಲು ಹೋಗುವ ಅಮ್ಮ, ಗಬ್ಬು ನಾರುವ ಬೀದಿ. ಹಿಂದಿನ ಜನ್ಮದಲ್ಲಿ ಅವಳು ಗ್ರಂಥಪಾಲಕಿಯಾಗಲು ಹೊರಟಿದ್ದವಳು. ಭೂಕಂಪದಲ್ಲಿ ಪುಸ್ತಕಗಳೇ ಮೈಮೇಲೆ ಬಿದ್ದು ಸತ್ತಳು. ಈ ಜನ್ಮದ ಊರಿನಲ್ಲಿ ಪುಸ್ತಕವೆಂದರೆ ಹದ ಮಾಡಿದ ತೊಗಲಿನದು, ಸಿರಿವಂತರ ಸೊತ್ತು. ಕೊಳ್ಳುವ ಮಾತೇ ಇಲ್ಲ. ಮಾಡಿಕೊಳ್ಳಬೇಕು.

ಮೈನ್ ಎಂಬ ಈ ಹುಡುಗಿಗೆ ಕಾಗದದ ಚರಿತ್ರೆಯೆಲ್ಲ ಬಾಯಿಪಾಠ. ಆದರೂ ಸೋಲುತ್ತಾಳೆ, ಒಂದಾದ ಮೇಲೊಂದು. ಈಜಿಪ್ಟಿನವರನ್ನು ನೆನೆದು ಹುಲ್ಲಿನ ಎಳೆ ಹೆಣೆಯಲು ಕೂತರೆ ಅಂಗೈಯಗಲ ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಸುಮೇರಿಯದವರಂತೆ ಜೇಡಿಮಣ್ಣಿನ ಹಲಗೆ ಮಾಡಿ ಒಲೆಗಿಟ್ಟರೆ ಅದು ಸಿಡಿದು ಚೂರಾಗುತ್ತದೆ. ಹಸಿ ಮಣ್ಣಿನೊಳಗಿನ ನೀರು ಆವಿಯಾದಾಗ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ಜಾಗ ಕೊಡದ ಮಣ್ಣು ಒಡೆಯುತ್ತದೆ. ಮಡಕೆಯನ್ನು ನೆರಳಲ್ಲಿ ದಿನಗಟ್ಟಲೆ ಒಣಗಿಸಿ, ಆವಗೆಗೆ ಮೊದಲು ಸಣ್ಣ ಉರಿ ಕೊಡುವ ಕುಂಬಾರರ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊನೆಗೆ ಸೌದೆಯ ಸೀಳುಗಳ ಮೇಲೆ ಬರೆದಿಟ್ಟರೆ ಅಮ್ಮ ಅವನ್ನು ಒಲೆಗೆ ಹಾಕಿಬಿಡುತ್ತಾಳೆ. ಸೌದೆಯೇ ತಾನೆ!

ಇಂಥ ಕತೆಗಳಲ್ಲಿ ನನಗೆ ಇಷ್ಟವಾದ ಭಾಗ ಇದೇ. ಗೊತ್ತಿರುವುದಕ್ಕೂ ಕೈಗೂಡುವುದಕ್ಕೂ ನಡುವೆ ಊರು ಇರುತ್ತದೆ: ಅಲ್ಲಿನ ಮಣ್ಣು, ಮರ, ಅಲ್ಲಿನವರ ಕೈಕೆಲಸ. ಹಾಗಾದರೆ ಇದೇ ಹುಡುಗಿ ಇನ್ನೂರು ವರ್ಷದ ಹಿಂದೆ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದ್ದರೆ? ಪಡುವಲಲ್ಲಿ ಲಕ್ಕವಳ್ಳಿಯ ಕಾಡು, ಮೂಡಲಲ್ಲಿ ಅಜ್ಜಂಪುರದ ಎರೆಹೊಲ, ತೆಂಕಲಲ್ಲಿ ಕಡೂರಿನ ಒಣ ಬಯಲು. ಬರೆಯಲು ಅವಳಿಗೆ ಏನು ಸಿಗುತ್ತಿತ್ತು?

ಕಾಗದಕ್ಕಿಂತ ಮೊದಲು ಕಡತ ಸಿಗುತ್ತಿತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಪುಸ್ತಕದಲ್ಲಿ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿ. ಎರಡೂ ಕಡೆ ಸರಿ, ಅಂದರೆ ಅಂಟುಗಂಜಿ, ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಕತ್ತರಿಸದೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ಮರದ ರಟ್ಟು. ಬರೆಯುವುದು ಬಳಪದಿಂದ. ತಪ್ಪಿದರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಬಾಕಿ, ಮಠಗಳ ದಾಖಲೆ ಇದರಲ್ಲೇ ನಡೆದವು. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಇಂದಿಗೂ ಉಳಿದಿವೆ.

ಆ ಸರಿ ಹುಣಸೆ ಬೀಜದ್ದು. ಬಯಲುಸೀಮೆಯ ಕಂಬಳಿ ನೇಕಾರರೂ ಇದನ್ನೇ ಬಳಸುತ್ತಾರೆ. ಬೀಜ ಹುರಿದು, ಕುಟ್ಟಿ, ಕಂದು ಸಿಪ್ಪೆ ಹಾರಿಸಿ, ಬಿಳಿ ಬೇಳೆಯನ್ನು ನೆನೆಹಾಕಿ ನುಣ್ಣಗೆ ರುಬ್ಬಿ, ಕುದಿಸಿದರೆ ಲೋಳೆಲೋಳೆಯಾದ ಗಂಜಿ. ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿಗೆ ಅದನ್ನು ಬಳಿದು, ಕುಂಚದಿಂದ ತೀಡಿ ತೀಡಿ ಒಣಗಿಸುತ್ತಾರೆ. ನೂಲಿನ ಜುಂಗು ಅಂಟಿಕೊಂಡು ಮಗ್ಗದ ತಿಕ್ಕಾಟಕ್ಕೆ ಎಳೆ ಗಟ್ಟಿಯಾಗುತ್ತದೆ.

ಯಾವ ಗಂಜಿಯಾದರೂ ಅಂಟುತ್ತದಲ್ಲ, ಇದೇ ಯಾಕೆ ಎಂದರೆ ಉತ್ತರ ಅಣುವಿನ ಮಟ್ಟದಲ್ಲಿದೆ. ಹತ್ತಿಯ ನಾರು ಸೆಲ್ಯುಲೋಸಿನದು: ಗ್ಲೂಕೋಸ್ ಕೊಂಡಿಗಳು ಸಾಲಾಗಿ ಜೋಡಿಸಿದ ಉದ್ದನೆಯ ನೇರ ಸರಪಳಿ. ಸರಪಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಮಲಗಿ ಹೈಡ್ರೋಜನ್ ಬಂಧದಿಂದ ಬಿಗಿದುಕೊಳ್ಳುತ್ತವೆ, ಆದ್ದರಿಂದ ನೀರಲ್ಲಿ ಕರಗುವುದಿಲ್ಲ. ಹುಣಸೆ ಬೀಜದಲ್ಲಿರುವ ಕ್ಸೈಲೋಗ್ಲೂಕನ್‌ಗೂ ಬೆನ್ನೆಲುಬು ಅದೇ ಗ್ಲೂಕೋಸ್ ಸರಪಳಿ. ವ್ಯತ್ಯಾಸ ಎಂದರೆ ಅದಕ್ಕೆ ಅಲ್ಲಲ್ಲಿ ಕ್ಸೈಲೋಸ್, ಗ್ಯಾಲಕ್ಟೋಸ್ ಸಕ್ಕರೆಗಳ ಕವಲುಗಳಿವೆ. ಕವಲುಗಳು ಅಡ್ಡ ಬರುವುದರಿಂದ ಸರಪಳಿಗಳು ಒತ್ತೊತ್ತಾಗಿ ಕೂರಲಾರವು. ಬಿಸಿನೀರಿನಲ್ಲಿ ಹರಡಿ ಗಂಜಿಯಾಗುತ್ತವೆ. ಆದರೆ ಬೆನ್ನೆಲುಬು ಹತ್ತಿಯದ್ದೇ ಆದ್ದರಿಂದ ಅದು ಬಟ್ಟೆಯ ನಾರಿನ ಮೇಲೆ ತಕ್ಕ ಜೋಡಿ ಸಿಕ್ಕಂತೆ ಮಲಗುತ್ತದೆ. ಗಿಡಗಳ ಜೀವಕೋಶದ ಗೋಡೆಯಲ್ಲೂ ಸೆಲ್ಯುಲೋಸ್ ನಾರುಗಳ ಮೇಲೆ ಹೊದಿಕೆಯಾಗಿರುವುದು ಇದೇ ಜಾತಿಯ ವಸ್ತು. ಎರಡನೇ ಮಹಾಯುದ್ಧದಲ್ಲಿ ಪಿಷ್ಟಕ್ಕೆ ಬರ ಬಂದಾಗ ನಮ್ಮ ಬಟ್ಟೆ ಗಿರಣಿಗಳು ಹುಣಸೆ ಬೀಜದ ಪುಡಿಗೆ ತಿರುಗಿಕೊಂಡವು. ಕಂಬಳಿ ನೇಕಾರರು ಅಷ್ಟು ಕಾಯಬೇಕಾಗಿರಲಿಲ್ಲ.

ಇನ್ನು ಬಳಪ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿನ ಶಾಸನ ಕವಿ ಜನ್ನನದು. ಹೊಳಪಿನ ಕಂಬ, ಹೊರಗೋಡೆಯ ರಾಮಾಯಣ, ಕೃಷ್ಣಲೀಲೆಗಳ ಕೆತ್ತನೆ, ಎಲ್ಲವೂ ಬಳಪದ ಕಲ್ಲಿನಲ್ಲಿ. ಬಾಬಾಬುಡನ್‌ ಬೆಟ್ಟಸಾಲೂ ಅದರ ಆಚೀಚಿನ ನೆಲವೂ 250 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳವು. ಇಂಥ ಕಡೆ ಮೆಗ್ನೀಸಿಯಂ ಹೆಚ್ಚಿರುವ ಕಪ್ಪುಶಿಲೆಗಳು ನೆಲದಾಳದಲ್ಲಿ ಬಿಸಿನೀರಿಗೆ ಸಿಕ್ಕಿ ಟಾಲ್ಕ್, ಕ್ಲೋರೈಟ್ ಎಂಬ ಮೆದು ಖನಿಜಗಳಾಗುತ್ತವೆ. ಗಡಸುತನದ ಅಳತೆಪಟ್ಟಿಯಲ್ಲಿ ವಜ್ರಕ್ಕೆ 10, ನಮ್ಮ ಉಗುರಿಗೆ ಎರಡೂವರೆಯಷ್ಟು, ಟಾಲ್ಕಿಗೆ 1. ಸಿಲಿಕಾ, ಮೆಗ್ನೀಸಿಯಂ, ಮತ್ತೆ ಸಿಲಿಕಾ ಹೀಗೆ ಮೂರು ಪದರ ಸೇರಿ ಅದರ ಒಂದೊಂದು ತೆಳು ಹಾಳೆ. ಹಾಳೆಯೊಳಗಿನ ಬಂಧ ಬಲವಾದದ್ದು, ಹಾಳೆ ಹಾಳೆಯ ನಡುವಿನದು ಬಲು ದುರ್ಬಲ. ಉಳಿ ಇಟ್ಟರೆ ಜನ್ನನ ಕಾಲದ ರೂವಾರಿಗೆ ಕೂದಲೆಳೆಯ ಕೆತ್ತನೆ ಸಾಧ್ಯವಾಗಿದ್ದೂ, ಇದ್ದಿಲ ಕಣದ ಒರಟಿಗೆ ಉಜ್ಜಿದರೆ ಶಾನುಭೋಗರಿಗೆ ಬಿಳಿ ಅಕ್ಷರ ಬಿದ್ದಿದ್ದೂ ಆ ದುರ್ಬಲ ಬಂಧದಿಂದಲೇ. ಟಾಲ್ಕು ನೀರಿಗೆ ಜಗ್ಗುವುದಿಲ್ಲ. ಇದ್ದಿಲೂ ಬಿಸಿಲಿಗೆ ಬಣ್ಣಗೆಡುವುದಿಲ್ಲ. ಶಾಯಿ ಮಾಸುವ ಕಡೆ ಕಡತ ಓದಿಗೆ ಸಿಗುತ್ತದೆ. ಅದನ್ನು ಸುಲಭವಾಗಿ ಅಳಿಸಬಲ್ಲದ್ದು ಒದ್ದೆ ಬಟ್ಟೆ ಹಿಡಿದ ಕೈ. ಲೆಕ್ಕದ ಪುಸ್ತಕಕ್ಕೆ ಅದು ಗುಣವೋ ದೋಷವೋ ಶಾನುಭೋಗರನ್ನೇ ಕೇಳಬೇಕು!

ಅಂದರೆ ಮೈನ್‌ಗೆ ಬೇಕಾದ್ದೆಲ್ಲ ಇಲ್ಲಿತ್ತು: ಹಳೇ ಸೀರೆಯ ತುಂಡು, ಊರ ಮುಂದಿನ ಹುಣಸೆಮರ, ಒಲೆಯ ಇದ್ದಿಲು, ಮೆತ್ತನೆ ಕಲ್ಲು. ಪೇಟೆಗೆ ಹೋಗುವ ಕೆಲಸವೇ ಇಲ್ಲ. ಇಲ್ಲದ್ದು ಅಕ್ಷರ. ಬಡವರ ಮನೆಯ ಹೆಣ್ಣುಮಗಳನ್ನು ಕೂಲಿಮಠದ ಮರಳಿನ ಮುಂದೆ ಕೂರಿಸಿ ತಿದ್ದಿಸುವವರು ಯಾರಿದ್ದರು? ಕತೆ ಅವಳಿಗೆ ಹಿಂದಿನ ಜನ್ಮದ ಓದನ್ನು ಕೊಟ್ಟು ಈ ತೊಡಕನ್ನು ಸುಲಭವಾಗಿ ದಾಟಿಬಿಡುತ್ತದೆ. ಅದು ಅನಿಮೆಯ ನಿಜವಾದ ಮಾಯೆ.

ಕೊನೆಗೆ ಅವಳು ಗೆಳೆಯ ಲುಟ್ಸ್ ಜೊತೆ ಕಾಗದ ಮಾಡಿಯೇ ತೀರುತ್ತಾಳೆ. ಅವಳು ಹಿಡಿಯುವುದು ಜಪಾನಿನ ಹಳ್ಳಿಗಳ ವಾಶಿ ಕಾಗದದ ದಾರಿ: ತೊಗಟೆಯ ಒಳನಾರನ್ನು ಬೂದಿನೀರಿನಲ್ಲಿ ಬೇಯಿಸಿ, ತೊಳೆದು, ಬಡಿದು, ನೀರಲ್ಲಿ ತೇಲಿಬಿಟ್ಟು ಜಾಲರಿಯಲ್ಲಿ ಎತ್ತುವುದು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಆ ಕ್ಷಾರ ನಾರುಗಳನ್ನು ಬೆಸೆದಿರುವ ಲಿಗ್ನಿನ್, ಪೆಕ್ಟಿನ್‌ಗಳನ್ನು ಸಡಿಲಿಸುತ್ತದೆ. ನಮ್ಮ ಮಡಿವಾಳರು ಬಟ್ಟೆಗೆ ಬಳಸುತ್ತಿದ್ದ ಚೌಳುಮಣ್ಣಿನಲ್ಲಿ ಅದರ ಅಣ್ಣತಮ್ಮನಂಥ ಸೋಡಿಯಂ ಕಾರ್ಬೊನೇಟ್ ಇದೆ. ವಾಶಿಯ ಮರ ನಮ್ಮ ಹಿಪ್ಪುನೇರಳೆಯ ಕುಟುಂಬದ್ದು, ನಾರು ಸುಮಾರು 10 ಮಿಲಿಮೀಟರ್ ಉದ್ದ. ಬಿದಿರಿನದು ಎರಡು ಮೂರು ಮಿಲಿಮೀಟರ್, ನೀಲಗಿರಿಯದು ಒಂದಕ್ಕೂ ಕಡಿಮೆ. ಉದ್ದ ನಾರು ಹೆಣೆದುಕೊಂಡಷ್ಟೂ ಕಾಗದ ತೆಳ್ಳಗೆ, ಗಟ್ಟಿ. ಆದರೆ ಉದ್ದ ನಾರು ನೀರಲ್ಲಿ ಗಂಟುಗಟ್ಟುತ್ತದೆ, ಆದ್ದರಿಂದ ನೀರಿಗೆ ಒಂದು ಲೋಳೆ ಬೆರೆಸಬೇಕು. ಜಪಾನಿನವರು ಬಳಸುವ ಗಿಡ ನಮ್ಮ ಬೆಂಡೆಯ ಹತ್ತಿರದ ನಂಟ. ಆಲೆಮನೆಯಲ್ಲಿ ಬೆಂಡೆಗಿಡದ ಕಾಂಡ ಜಜ್ಜಿ, ಲೋಳೆ ಹಿಂಡಿ ಕುದಿಯುವ ಕಬ್ಬಿನ ಹಾಲಿಗೆ ಹಾಕಿ ಕೊಳೆ ಮೇಲೆ ಬರಿಸಿ ತೆಗೆಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಲೋಳೆ ಕೊಳೆಯನ್ನು ಕೂಡಿಸುತ್ತದೆ, ಇಲ್ಲಿ ನಾರನ್ನು ದೂರ ಇಡುತ್ತದೆ.

ಕಾಗದ ಮಾಡುವ ಇದೇ ಕೆಲಸ ದೊಡ್ಡದಾಗಿ ನಡೆದದ್ದು ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ನೀರು ಭದ್ರೆಯದು, ನಾರು ಸುತ್ತಲಿನ ಕಾಡಿನ ಬಿದಿರು. ಆಮೇಲೆ ಬಿದಿರು ಸಾಲದಾಗಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ಕಳೆದ ದಶಕದ ನಡುವಿನಲ್ಲಿ ಯಂತ್ರಗಳು ನಿಂತವು.

ಬಿದಿರು ಯಾಕೆ ಸಾಲಲಿಲ್ಲ? ಈ ಪ್ರಶ್ನೆಯನ್ನು 1970ರ ದಶಕದಲ್ಲಿ ಬೇರೊಂದು ಕಡೆ, ಉತ್ತರ ಕನ್ನಡದ ಕಾಡಿನಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಕೇಳಿದರು. ಅಲ್ಲಿನ ಕಾಗದದ ಗಿರಣಿಗೆ ಬಿದಿರು 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತ್ತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳ ದಟ್ಟ ಲಂಗವಿರುತ್ತದೆ. ಕಡಿಯಲು ಅಡ್ಡಿ, ಕಳಲೆ ನೇರ ಬೆಳೆಯಲೂ ಅಡ್ಡಿ ಎಂದು ಅದನ್ನು ಸವರಿ ಹಾಕುವುದು ಗಿರಣಿಗೆ ಬಿದಿರು ಕಡಿಯುವವರ ಪದ್ಧತಿಯಾಗಿತ್ತು. ಸವರಬಾರದು ಎಂದು ಊರವರು ಹೇಳುತ್ತಿದ್ದರು. ಅಳೆದು ನೋಡಿದಾಗ ಊರವರ ಮಾತೇ ಸರಿಯಿತ್ತು: ಎಳೆ ಕಳಲೆಯನ್ನು ಮುಳ್ಳುಹಂದಿ, ಮಂಗ, ದನಗಳಿಂದ ಕಾಯುತ್ತಿದ್ದದ್ದು ಆ ಮುಳ್ಳೇ. ಕಾಗದ ಮಾಡಲು ಗೊತ್ತಿದ್ದವರಿಗೆ ಕಳಲೆ ತಿನ್ನುವವರು ಯಾರೆಂದು ಗೊತ್ತಿರಲಿಲ್ಲ.

ಕಾಗದದವರು ಕುದಿಸಿ ಚೆಲ್ಲುವ ಲಿಗ್ನಿನ್ನನ್ನೇ ನಂಬಿ ಬದುಕುವ ಕಸುಬೊಂದು ಈಗ ತರೀಕೆರೆ ಕಡೆಯ ಅಡಿಕೆ ಸೀಮೆಯಲ್ಲಿದೆ. ಒಂದು ಅಡಿಕೆ ಮರ ವರ್ಷಕ್ಕೆ ಸೋಗೆಯ ಬುಡದ ಐದಾರು ಹಾಳೆ ಉದುರಿಸುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಒಂದು ಹೆಕ್ಟೇರಿನಲ್ಲಿ ಸುಮಾರು 1,350 ಮರ, ಅಂದರೆ ಏಳೆಂಟು ಸಾವಿರ ಹಾಳೆ. ಹಿಂದೆ ಅದು ಟೋಪಿಯಾಯಿತು, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವ ತೊಟ್ಟಿಲಾಯಿತು, ತೋಟದ ಮುಚ್ಚಿಗೆಯಾಯಿತು. ಈಗ ತಟ್ಟೆ. ಹಾಳೆ ತೊಳೆದು, ನೀರಲ್ಲಿ ನೆನೆಸಿ, ಹದವಾದಾಗ ಬಿಸಿ ಅಚ್ಚಿನಡಿ ಒತ್ತಿದರೆ ಅಂಟು, ಮೇಣ ಏನೂ ಇಲ್ಲದೆ ತಟ್ಟೆ ಎದ್ದು ಬರುತ್ತದೆ. ಒಣ ಲಿಗ್ನಿನ್ ಮೆತ್ತಗಾಗಲು 130 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾವು ಬೇಕು. ನೀರು ಕುಡಿದಿದ್ದರೆ 80ರಿಂದ 100ರಲ್ಲೇ ಬಾಗುತ್ತದೆ. ಅಚ್ಚಿನೊಳಗೇ ನೀರು ಆವಿಯಾಗಿ ಹೋಗುವುದರಿಂದ ಬಾಗಿದ ರೂಪದಲ್ಲೇ ಅದು ಗಟ್ಟಿಯಾಗುತ್ತದೆ. ನೀರು ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ತಟ್ಟೆ ತಣಿಯುವಾಗ ಸೊಟ್ಟಗಾಗುತ್ತದೆ. ಆ ಹದ ಯಂತ್ರದ ಮೇಲೆ ಬರೆದಿರುವುದಿಲ್ಲ, ಒತ್ತುವವರ ಬೆರಳಿಗೆ ಗೊತ್ತಿರುತ್ತದೆ. ಹಾಳೆಯನ್ನು ಮಳೆಗೆ ಮೊದಲೇ ಆಯ್ದು ಒಣಗಿಸಿಡಬೇಕು. ನೆನೆದು ಬೂಷ್ಟು ಹಿಡಿದ ಹಾಳೆಗೆ ಬೆಲೆಯಿಲ್ಲ.

ಈ ಕಸುಬಿಗೆ 2025ರಲ್ಲಿ ಒಂದು ಪೆಟ್ಟು ಬಿತ್ತು. ಅಡಿಕೆ ಹಾಳೆಯಲ್ಲಿ ಅಡಿಕೆಯದೇ ಆಲ್ಕಲಾಯ್ಡುಗಳಿದ್ದು ಅವು ಊಟಕ್ಕೆ ಇಳಿಯಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆ ತಟ್ಟೆಗಳಿಗೆ ತಕರಾರು ತೆಗೆಯಿತು. ಅಡಿಕೆಯ ಮುಖ್ಯ ಆಲ್ಕಲಾಯ್ಡು ಅರೆಕೋಲೀನ್ ನೀರಲ್ಲಿ ಕರಗುವಂಥದ್ದು. ಬಾಳೆಲೆಯ ಹಾಗೆ ಇದೂ ಬರೀ ಎಲೆ ಎಂದು ಕೈ ತೊಳೆದುಕೊಳ್ಳುವುದಕ್ಕಿಂತ, ಬಿಸಿ ಸಾರು ಅರ್ಧ ಗಂಟೆ ನಿಂತರೆ ತಟ್ಟೆಯಿಂದ ಎಷ್ಟು ಇಳಿಯುತ್ತದೆ, ಎಷ್ಟು ಹೊತ್ತು ನೆನೆಸಿದರೆ ಎಷ್ಟು ಹೋಗುತ್ತದೆ ಎಂದು ಅಳೆದು ತೋರಿಸುವುದೇ ದಾರಿ. ಪ್ರಯೋಗಾಲಯಕ್ಕೆ ಅದು ದೊಡ್ಡ ಕೆಲಸವಲ್ಲ. ನಾಲ್ಕು ಅಚ್ಚಿನ ಶೆಡ್ ನಡೆಸುವವರಿಗೆ ದೊಡ್ಡದು.

ದುಡ್ಡಿನ ವಿಷಯದಲ್ಲಿ ಮೈನ್ ಜಾಣೆ. ತಲೆಗೂದಲು ತೊಳೆಯುವ ಎಣ್ಣೆಯೊಂದರ ಗುಟ್ಟನ್ನು ಮೊದಲು ವ್ಯಾಪಾರಿ ಬೆನ್ನೋಗೆ ಮಾರಿ ಕಾಗದದ ಸಲಕರಣೆಗೆ ದುಡ್ಡು ಹೊಂದಿಸುತ್ತಾಳೆ. ಕಾಗದದ ಸರದಿ ಬಂದಾಗ ಮುರಿಯಲಾಗದ ಮಾಯಾ ಕರಾರು ಬರೆಸಿಕೊಳ್ಳುತ್ತಾಳೆ. ಆ ಲೋಕದಲ್ಲಿ ಅದು ಬೇರೆ ಯಾರಿಗೂ ಗೊತ್ತಿಲ್ಲದ ವಿದ್ಯೆ, ಅದಕ್ಕೇ ಬೆಲೆ. ನಮ್ಮಲ್ಲಿ ಹುಣಸೆ ಬೀಜದ ಸರಿ, ಬೆಂಡೆಯ ಲೋಳೆ ಎಲ್ಲರಿಗೂ ಗೊತ್ತಿದ್ದವು. 2002ರಲ್ಲಿ ತಿದ್ದುಪಡಿಯಾದ ನಮ್ಮ ಪೇಟೆಂಟ್ ಕಾಯ್ದೆಯೂ ಪಾರಂಪರಿಕ ತಿಳಿವಳಿಕೆಯನ್ನು ಯಾರೂ ತನ್ನ ಆವಿಷ್ಕಾರ ಎಂದು ಬರೆಸಿಕೊಳ್ಳಲು ಬಿಡುವುದಿಲ್ಲ. ಹೊರಗಿನವರು ಕದಿಯದಂತೆ ಅದು ಒಳ್ಳೆಯ ಬೇಲಿ. ತೋಟದಲ್ಲಿ ಹಾಳೆ ಆಯುವ ಹೆಂಗಸಿಗೆ ಮಾತ್ರ ಸಿಗುವುದು ಹಾಳೆಯ ಲೆಕ್ಕದ ಕೂಲಿಯೇ. ಯಾವ ಹಾಳೆ ಸೀಳುತ್ತದೆ, ಯಾವುದು ತಟ್ಟೆಯಾಗುತ್ತದೆ ಎಂದು ಬಗ್ಗಿ ಎತ್ತಿಕೊಳ್ಳುವಾಗಲೇ ಅವಳು ವಿಂಗಡಿಸಿರುತ್ತಾಳೆ. ಆ ವಿಂಗಡಣೆಗೆ ಕೂಲಿಯ ಪಟ್ಟಿಯಲ್ಲಿ ಬೇರೆ ದರವಿಲ್ಲ.