ಜಿಗಿಯದ ಕಾಂಗರೂ, ಕೊಂಬಿಲ್ಲದ ಬರ್ಕ

ಎರಡು ಕಾಲಲ್ಲಿ ಕುಪ್ಪಳಿಸಲು ಬಾರದ ಕಾಂಗರೂ ಒಂದಿದೆ! ತೂಕ ಅರ್ಧ ಕಿಲೋ ಆಸುಪಾಸು. ನಾಲ್ಕೂ ಕಾಲೂರಿ ಓಡುತ್ತದೆ, ಮರದಿಂದ ಉದುರಿದ ಹಣ್ಣು ಹೆಕ್ಕಿ ತಿನ್ನುತ್ತದೆ, ಗೂಡಿಗೆ ಬೇಕಾದ ಒಣ ಎಲೆಯನ್ನು ಬಾಲದಲ್ಲಿ ಸುತ್ತಿ ಹೊತ್ತೊಯ್ಯುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಈಶಾನ್ಯ ಕರಾವಳಿಯ ಮಳೆಕಾಡು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಅದಿಲ್ಲ. ಕಸ್ತೂರಿ ಇಲಿ-ಕಾಂಗರೂ ಎಂದು ಅದನ್ನು ಕರೆಯಬಹುದು. ಅದರ ಬಗ್ಗೆ ಓದುತ್ತ ಹೋದಂತೆಲ್ಲ ನನ್ನ ಮನಸ್ಸು ಭಟ್ಕಳಕ್ಕೆ ಓಡುತ್ತಿತ್ತು. ಅಲ್ಲಿನ ಮುಟ್ಟಳ್ಳಿಯಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತರೆ ಪೂರ್ವಕ್ಕೆ ಘಟ್ಟ. ಆ ಘಟ್ಟದ ಕಾಡಿನಲ್ಲಿ ಕತ್ತಲಾದ ಮೇಲೆ ದರಕಿನ ನಡುವೆ ಹೆಜ್ಜೆಯ ಸದ್ದೂ ಕೇಳಿಸದಂತೆ ಓಡಾಡುವ, ಪುಟ್ಟ ಜಿಂಕೆಯಂತೆ ಕಾಣುವ ನಮ್ಮ ಬರ್ಕವೂ ಬಿದ್ದ ಹಣ್ಣನ್ನೇ ಹೆಕ್ಕುತ್ತದೆ.

ಇವೆರಡಕ್ಕೂ ನೆಂಟಸ್ತಿಕೆ ಏನೇನೂ ಇಲ್ಲ. ಒಂದು ಹೊಟ್ಟೆಯ ಮೇಲಿನ ಚೀಲದಲ್ಲಿ ಮರಿ ಬೆಳೆಸುವ ಕುಲ, ಇನ್ನೊಂದು ಗರ್ಭದಲ್ಲೇ ಪೂರ್ತಿ ಬೆಳೆಸಿ ಹೆರುವ ಕುಲ. ಇವುಗಳ ದಾರಿ ಬೇರೆಯಾದದ್ದು ಡೈನೊಸಾರ್‌ಗಳ ಕಾಲದಲ್ಲಿ. ಆದರೂ ಇವುಗಳ ಹೊಟ್ಟೆ ಬಗೆದು ನೋಡಿದ ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡದ್ದನ್ನು ಕೇಳಿ!

ಹೊಟ್ಟೆಗೆ ಬರುವ ಮೊದಲು ಆ ಕಾಂಗರೂವಿನ ಕಾಲು ನೋಡೋಣ. ಅದನ್ನು 1876ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನ ಎಡ್ವರ್ಡ್ ಪಿಯರ್‌ಸನ್ ರಾಮ್ಸೆ. ಅವರಿಟ್ಟ ಹೆಸರು ಹಿಪ್ಸಿಪ್ರಿಮ್ನೊಡಾನ್ ಮೊಸ್ಕಾಟಸ್. ಉಳಿದೆಲ್ಲ ಕಾಂಗರೂಗಳ ಹಿಂಗಾಲಿನಲ್ಲಿ ಹೆಬ್ಬೆರಳು ಮಾಯವಾಗಿದೆ. ಇದಕ್ಕೆ ಮಾತ್ರ ಐದೂ ಬೆರಳು ಉಳಿದಿವೆ. ಮರ ಹತ್ತುತ್ತಿದ್ದ ಪೂರ್ವಜರು ಕೊಂಬೆ ಹಿಡಿಯಲು ಬಳಸುತ್ತಿದ್ದ ಆ ಹೆಬ್ಬೆರಳನ್ನು ಇದಿನ್ನೂ ಬಿಟ್ಟುಕೊಟ್ಟಿಲ್ಲ. ಅದರ ಎರಡನೆಯ, ಮೂರನೆಯ ಬೆರಳುಗಳು ಚರ್ಮದಿಂದ ಬೆಸೆದು, ಉಗುರು ಮಾತ್ರ ಬೇರೆಯಾಗಿ, ಮೈ ಬಾಚಿಕೊಳ್ಳಲು ಒದಗುತ್ತವೆ. ಈ ಬೆಸೆದ ಬೆರಳು ಮತ್ತು ಕೆಳದವಡೆಯಲ್ಲಿ ಮುಂದಕ್ಕೆ ಚಾಚಿದ ಎರಡು ದೊಡ್ಡ ಹಲ್ಲು, ಇವೆರಡೂ ಕೂಡಿದ್ದರೆ ಆ ಪ್ರಾಣಿ ಡೈಪ್ರೊಟೊಡಾಂಷಿಯ ಗಣಕ್ಕೆ ಸೇರಿದ್ದು. ಕೊಆಲಾ, ವೊಂಬ್ಯಾಟ್, ಪೊಸಮ್, ಕಾಂಗರೂ ಎಲ್ಲವೂ ಅದೇ ಗಣದವು. ಅದರೊಳಗೆ ಕಾಂಗರೂ ಬಳಗದ ಮನೆಗಳು ಮೂರು. ದೊಡ್ಡ ಕಾಂಗರೂ, ವಾಲಬಿ, ಕ್ವೊಕ್ಕಗಳದು ಒಂದು. ಮೊಲದಷ್ಟೇ ಇರುವ ಪೊಟೊರೂ, ಬೆಟಾಂಗ್‌ಗಳದು ಇನ್ನೊಂದು. ಮೂರನೆಯ ಮನೆಯಲ್ಲಿ ಈಗ ಬದುಕಿರುವುದು ಕಸ್ತೂರಿ ಇಲಿ-ಕಾಂಗರೂ ಒಂದೇ. ಅದೇ ಕ್ವೀನ್ಸ್‌ಲ್ಯಾಂಡಿನ ರಿವರ್ಸ್‌ಲೀ ಎಂಬಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಇದರದ್ದೇ ಜಾತಿಕುಲದ ಪಳೆಯುಳಿಕೆ ಸಿಕ್ಕಿದೆ. ಆಗ ಅಲ್ಲಿ ದಟ್ಟ ಮಳೆಕಾಡಿತ್ತು. ಈಗ ಅದು ಒಣ ಬಯಲು!

ಇನ್ನು ಬರ್ಕ. ದಕ್ಷಿಣಕ್ಕೆ ಹೋದರೆ ತುಳುವರು ಬರಿಂಕ ಎನ್ನುತ್ತಾರೆ. ಸುಮಾರು ಮೂರು ಕಿಲೋ ತೂಕ, ಒಂದಡಿಯೂ ಇಲ್ಲದ ಎತ್ತರ, ಕಂದು ಮೈಮೇಲೆ ಬಿಳಿ ಚುಕ್ಕೆ, ಪಟ್ಟೆ. ನೋಡಿದವರು ಪುಟ್ಟ ಜಿಂಕೆ ಎಂದುಕೊಳ್ಳುತ್ತಾರೆ, ಆದರೆ ಅದು ಜಿಂಕೆಯ ಕುಟುಂಬಕ್ಕೆ ಸೇರಿದ್ದಲ್ಲ. ಗಂಡಿಗೂ ಕೊಂಬಿಲ್ಲ, ಬದಲಿಗೆ ಮೇಲ್ದವಡೆಯಿಂದ ಇಳಿದ ಸಣ್ಣ ಕೋರೆಹಲ್ಲಿದೆ. ಮೆಲುಕು ಹಾಕುವ ಪ್ರಾಣಿಗಳ ವಂಶದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಟ್ರಾಗುಲಿಡೆ ಕುಟುಂಬ ಅದರದು. ದನ, ಆಡು, ಕಡವೆ, ಜಿರಾಫೆಗಳು ಒಂದು ಕಡೆ, ಬರ್ಕದ ಕುಟುಂಬ ಇನ್ನೊಂದು ಕಡೆ. ಶ್ರೀಲಂಕಾದ್ದೂ ನಮ್ಮದೂ ಒಂದೇ ಎಂದು ಬಹುಕಾಲ ನಂಬಿದ್ದರು. 2005ರಲ್ಲಿ ಪ್ರಾಣಿಶಾಸ್ತ್ರಜ್ಞರಾದ ಕಾಲಿನ್ ಗ್ರೋವ್ಸ್ ಮತ್ತು ಎರಿಕ್ ಮೇಯರ್ಡ್ ಅವೆರಡನ್ನೂ ಬಿಡಿಸಿದ ಮೇಲೆ ನಮ್ಮ ಬರ್ಕ ಮೊಸ್ಕಿಯೊಲ ಇಂಡಿಕ ಆಯಿತು.

ಈಗ ಹೊಟ್ಟೆಯ ಮಾತು. ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಬರ್ಕಕ್ಕೆ ಮೂರನೆಯದು ಸರಿಯಾಗಿ ಮೂಡಿಯೇ ಇಲ್ಲ. ಅತ್ತ ದೊಡ್ಡ ಕಾಂಗರೂಗಳಿಗೆ ಮಡಿಕೆ ಮಡಿಕೆಯಾದ ಉದ್ದನೆಯ ಜಠರವಿದೆ, ಅದರಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಯಿಸಿ ಕೊಡುತ್ತವೆ, ದನದ ಹೊಟ್ಟೆಯಲ್ಲಿ ನಡೆಯುವಂತೆಯೇ! ಕಸ್ತೂರಿ ಇಲಿ-ಕಾಂಗರೂವಿಗೆ ಆ ಏರ್ಪಾಟು ಇಲ್ಲ, ಸರಳ ಜಠರ ಅಷ್ಟೆ. ಅಂದರೆ ಎರಡು ಖಂಡಗಳಲ್ಲಿ, ಒಂದರ ಸುದ್ದಿ ಒಂದಕ್ಕೆ ಮುಟ್ಟದಂತೆ, ಒಂದೇ ಕಥೆ ಎರಡು ಸಲ ನಡೆದಿದೆ. ಭೂಮಿ ಒಣಗಿತು, ಕಾಡು ಹಿಂಜರಿಯಿತು, ಹುಲ್ಲು ಹಬ್ಬಿತು. ಹುಲ್ಲು ತಿಂದು ಅರಗಿಸಲು ದೊಡ್ಡ ಹೊಟ್ಟೆ ಬೇಕು, ಬಯಲಿನಲ್ಲಿ ಬದುಕಲು ಬೇಗ ಓಡುವ ಕಾಲು ಬೇಕು. ಇಲ್ಲಿ ದನ, ಹುಲ್ಲೆಗಳು ಮೂಡಿದವು. ಅಲ್ಲಿ ಕೆಂಪು ಕಾಂಗರೂ ಮೂಡಿತು. ಎಲ್ಲಿ ಕಾಡು ಉಳಿಯಿತೋ ಅಲ್ಲಿ ಮಾತ್ರ ಎರಡೂ ವಂಶಗಳ ಹಳೆಯ ಬಗೆ ಬದುಕಿಕೊಂಡಿತು. ನನ್ನನ್ನು ದಂಗುಬಡಿಸಿದ್ದು ಇದು. ದನ ಆಗುವುದಕ್ಕೆ ಮುಂಚಿನ ಮೆಲುಕಿನ ಪ್ರಾಣಿ ಹೇಗಿತ್ತೆಂದು ತಿಳಿಯಬೇಕಾದರೆ, ಕೊಟ್ಟಿಗೆಯಿಂದ ಎದ್ದು ಘಟ್ಟದ ಕಡೆ ನಡೆದರಾಯಿತು.

ಈ ಎರಡು ಕಾಡುಗಳು ಇರುವ ಜಾಗವನ್ನಾದರೂ ನೋಡಿ. ಭಟ್ಕಳ ಸಮಭಾಜಕದಿಂದ 14 ಡಿಗ್ರಿ ಉತ್ತರಕ್ಕೆ, ಕ್ವೀನ್ಸ್‌ಲ್ಯಾಂಡಿನ ಆ ಮಳೆಕಾಡು 15ರಿಂದ 19 ಡಿಗ್ರಿ ದಕ್ಷಿಣಕ್ಕೆ. ಎರಡೂ ಕಡಲಿಗೆ ತಾಗಿದ ಬೆಟ್ಟಸಾಲುಗಳು. ಎರಡು ನೆಲಗಳೂ ಒಂದು ಕಾಲಕ್ಕೆ ಗೋಂಡ್ವಾನ ಎಂಬ ಒಂದೇ ಮಹಾಖಂಡದ ತುಂಡುಗಳಾಗಿದ್ದವು! ಹಾಗಾದರೆ ಕಾಂಗರೂವಿನ ಕುಲ ನಮ್ಮಲ್ಲೇಕಿಲ್ಲ? ಭಾರತ ಸುಮಾರು 13 ಕೋಟಿ ವರ್ಷಗಳ ಹಿಂದೆಯೇ ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳಿಂದ ಕಳಚಿಕೊಂಡು ಉತ್ತರಕ್ಕೆ ಹೊರಟಿತ್ತು. ಚೀಲದ ಪ್ರಾಣಿಗಳು ದಕ್ಷಿಣ ಅಮೆರಿಕದಿಂದ, ಆಗಿನ್ನೂ ಹಿಮಗಟ್ಟದ ಅಂಟಾರ್ಕ್ಟಿಕದ ಮೂಲಕ ಆಸ್ಟ್ರೇಲಿಯ ಸೇರಿದ್ದು ಬಹಳ ತಡವಾಗಿ. ಅಲ್ಲಿ ಸಿಕ್ಕಿರುವ ಅವುಗಳ ಅತಿ ಹಳೆಯ ಮೂಳೆಗಳಿಗೆ ಸುಮಾರು ಐದೂವರೆ ಕೋಟಿ ವರ್ಷ. ಅಷ್ಟರಲ್ಲಿ ನಮ್ಮ ನೆಲ ಏಷ್ಯಾದ ಹೊಸ್ತಿಲಲ್ಲಿತ್ತು.

ಮರಿ ಬೆಳೆಸುವ ಬಗೆಯಲ್ಲಿ ಮಾತ್ರ ಇವು ಪೂರ್ತಿ ಬೇರೆ. ಕಾಂಗರೂ ಬಳಗದ ಮರಿ ಹುಟ್ಟುವಾಗ ಒಂದು ಗ್ರಾಮ್ ಕೂಡ ತೂಗುವುದಿಲ್ಲ. ಕಣ್ಣು ತೆರೆದಿಲ್ಲ, ರೋಮವಿಲ್ಲ, ಮುಂಗಾಲಿನ ಬಲದಿಂದಲೇ ತಾಯಿಯ ರೋಮ ಹಿಡಿದು ತೆವಳಿ ಚೀಲ ಸೇರಿ ಮೊಲೆ ಕಚ್ಚುತ್ತದೆ. ಉಳಿದ ಕಾಂಗರೂಗಳು ಸಾಮಾನ್ಯವಾಗಿ ಒಂದೇ ಮರಿ ಹಾಕಿದರೆ ಕಸ್ತೂರಿ ಇಲಿ-ಕಾಂಗರೂವಿಗೆ ಹೆಚ್ಚಾಗಿ ಅವಳಿ. ಸುಮಾರು 21 ವಾರ ಮರಿಗಳು ಚೀಲದಲ್ಲಿರುತ್ತವೆ. ಬರ್ಕದ ಮರಿ ಗರ್ಭದಲ್ಲಿರುವುದೂ ಹತ್ತಿರ ಹತ್ತಿರ ಅಷ್ಟೇ ಕಾಲ, ಐದು ತಿಂಗಳು! ಕೆಂಪು ಕಾಂಗರೂ ಹೆತ್ತ ಒಂದೆರಡು ದಿನದಲ್ಲೇ ಮತ್ತೆ ಗರ್ಭ ಕಟ್ಟಿ, ಆ ಭ್ರೂಣವನ್ನು ಚೀಲದ ಮರಿ ಬೆಳೆಯುವ ತನಕ ಹಾಗೆಯೇ ತಡೆದಿಡುತ್ತದೆ. ಬರ್ಕ ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಕೂಡುತ್ತದೆ, ಆದರೆ ತಡೆಹಿಡಿಯುವ ವಿದ್ಯೆ ಅದಕ್ಕಿಲ್ಲ. ಹೈದರಾಬಾದಿನಲ್ಲಿ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ನೆಹರೂ ಮೃಗಾಲಯದವರು 2010ರಿಂದ ಬರ್ಕ ಸಾಕಿ, ಮರಿ ಮಾಡಿಸಿ, ಅಮ್ರಾಬಾದ್ ಹುಲಿ ಮೀಸಲು ಕಾಡಿಗೆ ಬಿಟ್ಟಿದ್ದಾರೆ.

ಇವು ಕಾಡಿಗೆ ಮಾಡುವ ಉಪಕಾರದ ಮಾತಿಗೆ ಬಂದರೆ, ಪೊಟೊರೂಗಳ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಿಲ್ಬರ್ಟನ ಪೊಟೊರೂ ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ, ಅಳಿದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ, 1994ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಟೂ ಪೀಪಲ್ಸ್ ಬೇ ಎಂಬಲ್ಲಿ ಬಲೆಗೆ ಬಿತ್ತು! ಅದರ ಊಟವೆಲ್ಲ ಮಣ್ಣೊಳಗಿನ ಅಣಬೆ. ಉಡುಪಿ, ಕಾರ್ಕಳದ ಕಡೆ ಮೊದಲ ಮಳೆ ಬಿದ್ದಾಗ ಜನ ನೆಲ ಕೆದಕಿ ಕಲ್ಲಣಬೆ ತರುತ್ತಾರಲ್ಲ, ಹಾಗೆ ಅದು ವರ್ಷವಿಡೀ ಉಗುರಿನಿಂದ ಕೆದಕುತ್ತದೆ. ತಿಂದ ಅಣಬೆಯ ಬೀಜಕಣಗಳು ಹಿಕ್ಕೆಯಲ್ಲಿ ಊರೆಲ್ಲ ಹರಡಿ, ಮರದ ಬೇರಿಗೆ ನೀರು, ಸಾರ ಎಳೆದುಕೊಡುವ ಶಿಲೀಂಧ್ರಗಳಾಗಿ ಬೆಳೆಯುತ್ತವೆ.

ಕಸ್ತೂರಿ ಇಲಿ-ಕಾಂಗರೂವೂ ಕಾಡು ಬೆಳೆಸುತ್ತದೆ. ಅದು ಹಗಲಿನ ಜೀವಿ. ಹಣ್ಣು ಹೆಚ್ಚಾಗಿ ಬಿದ್ದ ದಿನಗಳಲ್ಲಿ ಬೀಜಗಳನ್ನು ಒಂದೊಂದಾಗಿ ಅಲ್ಲಲ್ಲಿ ಎಲೆಯಡಿ ಹೂತಿಡುತ್ತದೆ. ತಿರುಗಿ ಬಂದು ತಿನ್ನದೆ ಉಳಿದವು ತಾಯಿಮರದಿಂದ ದೂರದಲ್ಲಿ ಸಸಿಯಾಗುತ್ತವೆ. ನಮ್ಮ ಕಾಡಿನಲ್ಲಿ ಮೆಲುಕಿನ ಪ್ರಾಣಿಗಳು ನೆಲ್ಲಿಕಾಯಿಯಂಥ ಹಣ್ಣು ನುಂಗಿ, ಬೇರೆಲ್ಲೋ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ. ಬರ್ಕಕ್ಕೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಹುಲಿಗೆ ಇರುವುದೂ ಅದೇ ಪಟ್ಟಿ. ಹಾಗಿದ್ದೂ ಉರುಳಿಗೆ, ನಾಯಿಗೆ, ರಾತ್ರಿಯ ಟಾರ್ಚು-ಕೋವಿಗೆ ಅದು ಸುಲಭದ ತುತ್ತು: ಬೆಳಕು ಬಿದ್ದರೆ ಓಡುವ ಬದಲು ಅಲುಗಾಡದೆ ನಿಂತುಬಿಡುತ್ತದೆ. ಮೈಮೇಲಿನ ಚುಕ್ಕೆ, ಪಟ್ಟೆಗಳು ದರಕಿನ ನಡುವೆ ಅದನ್ನು ಚಿರತೆಯ ಕಣ್ಣಿನಿಂದ ಮರೆಮಾಡಿದ್ದು ಹೀಗೆ ನಿಲ್ಲುವುದರಿಂದಲೇ.