49 ವರ್ಷದ ಕಂಠ, ಒಂದು ಹಗಲಿನ ಧ್ವನಿ

1878ರಲ್ಲಿ ಎಡಿಸನ್‌ಗೆ ಫೋನೋಗ್ರಾಫ್ ಯಂತ್ರದ ಪೇಟೆಂಟ್ ಸಿಕ್ಕಿತು. ಅದೇ ವರ್ಷ ರೋಮ್‌ನ ತೆಯಾತ್ರೊ ಆರ್ಜೆಂಟೀನಾ ರಂಗಮಂದಿರದಲ್ಲಿ 22ರ ತರುಣ ಗಾಯಕ ಮತ್ತಿಯಾ ಬತ್ತಿಸ್ತೀನಿ ದೊನಿಜೆತ್ತಿಯ ‘ಲಾ ಫಾವೊರಿತಾ’ ಒಪೆರಾದಲ್ಲಿ ರಾಜನ ಪಾತ್ರದಲ್ಲಿ ರಂಗಕ್ಕೆ ಬಂದರು. ಅವರ ಕೊನೆಯ ಕಛೇರಿ 1927ರಲ್ಲಿ. ‘ದಿ ಜಾಝ್ ಸಿಂಗರ್’ ಬಂದು ಸಿನಿಮಾ ಹಾಡತೊಡಗಿದ ವರ್ಷ ಅದು. ನಡುವೆ 49 ವರ್ಷ!

ಯೌವನದಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿಬಂದ ಈ ಬ್ಯಾರಿಟೋನ್ (ಮಧ್ಯಮ ಸ್ಥಾಯಿಯ ಗಂಡುಕಂಠದ) ಗಾಯಕ ಆಮೇಲೆ ಅಟ್ಲಾಂಟಿಕ್ ದಾಟಲೇ ಇಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾಕ್ಕೆ ಅವರ ದನಿ ದಕ್ಕಲಿಲ್ಲ. ರಷ್ಯಾಕ್ಕೆ ಮಾತ್ರ 1914ರವರೆಗೆ ಇಪ್ಪತ್ತಕ್ಕೂ ಹೆಚ್ಚು ಋತುಗಳಲ್ಲಿ ಹೋದರು. ರೋಮ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್ ನೇರ ಗೆರೆಯಲ್ಲೇ 2,000 ಕಿ.ಮೀ.ಗೂ ಹೆಚ್ಚು. ಇಪ್ಪತ್ತು ಸಲ ಹೋಗಿಬಂದರೆ 80,000 ಕಿ.ಮೀ. ದಾಟುತ್ತದೆ. ಸಮುದ್ರ ಬೇಡವೆಂದವರು ನೆಲದ ಮೇಲೆಯೇ ಭೂಮಿಯನ್ನು ಎರಡು ಸುತ್ತು ಹಾಕಿದಷ್ಟು! ಅವರಿಗಾಗಿ ಮಾಸ್ನೆ ತಮ್ಮ ‘ವೆರ್ಥರ್’ ಒಪೆರಾದ ನಾಯಕನ ಪಾತ್ರವನ್ನೇ ಬ್ಯಾರಿಟೋನ್ ಕಂಠಕ್ಕೆ ತಿದ್ದಿ ಬರೆದುಕೊಟ್ಟರು.

ಇಷ್ಟರಲ್ಲಿ ನಮಗೆ ಉಳಿದದ್ದೆಷ್ಟು? 1902ರಲ್ಲಿ ವಾರ್ಸಾದಲ್ಲಿ ಗ್ರಾಮಫೋನ್ ಕಂಪನಿ ಅವರ ಧ್ವನಿಯನ್ನು ಮೊದಲು ಮುದ್ರಿಸಿತು. ಅದೇ ವರ್ಷ ಅದೇ ಕಂಪನಿ ಕಲ್ಕತ್ತೆಯಲ್ಲಿ, ಮುಂದೆ ಮೈಸೂರಿನಲ್ಲಿ ಕೊನೆಯುಸಿರೆಳೆದ ಗಾಯಕಿ ಗೌಹರ್ ಜಾನ್ ಅವರ ಧ್ವನಿಯನ್ನೂ ಮುದ್ರಿಸಿತ್ತು. 1924ರವರೆಗೆ ಬತ್ತಿಸ್ತೀನಿಯ ನೂರಕ್ಕೂ ಹೆಚ್ಚು ಧ್ವನಿಮುದ್ರಿಕೆಗಳಾದವು. ಒಂದೊಂದೂ ಮೂರು ನಾಲ್ಕು ನಿಮಿಷದ್ದು. ಬೆಳಿಗ್ಗೆ ಕೇಳಲು ಕೂತರೆ ಸಂಜೆಯೊಳಗೆ ಎಲ್ಲ ಮುಗಿಯುತ್ತದೆ.

ಅದರಲ್ಲೂ ಕಂಠ ಪೂರ್ತಿ ಇಲ್ಲ. ಮೈಕ್‌ನಲ್ಲಿ ಧ್ವನಿಮುದ್ರಣ ರೂಢಿಗೆ ಬಂದದ್ದು 1925ರಿಂದ. ಅದಕ್ಕೆ ಮುಂಚೆ ತಗಡಿನ ಕೊಳವೆಯ ಬಾಯಿಗೆ ಹಾಡಬೇಕಿತ್ತು. ಮೆಲುದನಿಗೆ ಹತ್ತಿರ ಬಾಗಬೇಕು, ಏರುದನಿಗೆ ಹಿಂದೆ ಸರಿಯಬೇಕು. ತಪ್ಪಿದರೆ ಹೊಸ ಮೇಣದ ತಟ್ಟೆ. ಒಪೆರಾ ಗಾಯಕನ ಕಂಠ ಇಡೀ ವಾದ್ಯವೃಂದವನ್ನು ಸೀಳಿಕೊಂಡು ಕೊನೆಯ ಸಾಲಿಗೆ ಮುಟ್ಟುವುದು ಸೆಕೆಂಡಿಗೆ ಸುಮಾರು 3,000 ಕಂಪನಗಳ ಆಸುಪಾಸಿನ ಹೊಳಪಿನಿಂದ. ಆ ಕೊಳವೆ ಹೆಚ್ಚುಕಡಿಮೆ ಅಲ್ಲಿಗೆ ಬರುವಷ್ಟರಲ್ಲೇ ಸೋಲುತ್ತಿತ್ತು.

ಹೀಗಿದ್ದೂ 1906ರ ‘ಎರಿ ತು’ ಕೇಳಿ. ವೆರ್ದಿಯ ‘ಉನ್ ಬಾಲ್ಲೊ ಇನ್ ಮಾಸ್ಕೆರಾ’ದ ಹಾಡು ಅದು, ಮೋಸಹೋದೆನೆಂದು ಕುದಿಯುವ ಗಂಡನದು. ಸಿಟ್ಟು ಇಳಿದು ಕಳೆದ ಸುಖದ ನೆನಪು ಬರುವಲ್ಲಿ, ಐವತ್ತರ ಆ ಗಾಯಕ ದನಿಯನ್ನು ಎಳೆಎಳೆಯಾಗಿ ತೆಳುವಾಗಿಸುತ್ತಾರೆ. ಎಳೆ ಎಲ್ಲಿಯೂ ಕಡಿಯುವುದಿಲ್ಲ. ತಟ್ಟೆಯ ಕರಕರ ಸದ್ದಿನ ನಡುವೆಯೂ ಅದು ಸ್ಪಷ್ಟವಾಗಿ ಕೇಳುತ್ತದೆ.