ಉಪ್ಪಿನ ಮೇಲಣ ಊರಿನ ಕಾರುಗಳು

ಅಮೆರಿಕದ ಡೆಟ್ರಾಯಿಟ್ ನಗರದ ಬೀದಿಗಳ ಕೆಳಗೆ, ನೆಲದಿಂದ ಸಾವಿರ ಅಡಿಗೂ ಮಿಗಿಲಾದ ಆಳದಲ್ಲಿ, ಸುಮಾರು 40 ಕೋಟಿ ವರ್ಷಗಳ ಹಿಂದೆ ಬತ್ತಿಹೋದ ಕಡಲೊಂದು ಉಳಿಸಿಹೋದ ಉಪ್ಪಿನ ಪದರವುಂಟು. ಅದನ್ನು ಅಗೆದು ಮೇಲೆತ್ತಿ, ಚಳಿಗಾಲದಲ್ಲಿ ಹಿಮ ಕಟ್ಟಿದ ರಸ್ತೆಗಳ ಮೇಲೆ ಚೆಲ್ಲುವ ಪದ್ಧತಿ ಆ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಜಗತ್ಪ್ರಸಿದ್ಧವಾದ ಮೋಟಾರು ಕಾರುಗಳನ್ನು ಹೆತ್ತ ಊರೇ ಅವುಗಳ ಉಕ್ಕನ್ನು ತಿಂದು ಮುಗಿಸುವ ಲವಣವನ್ನೂ ತನ್ನ ಒಡಲಲ್ಲಿ ಇರಿಸಿಕೊಂಡಿದೆಯೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ಆ ಊರಿನಿಂದ ಹೊರಡುವ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯಲ್ಲಿ, ಆಗಸ್ಟ್ ತಿಂಗಳ ಮೂರನೆಯ ಶನಿವಾರ, ಹಳೆಯ ಕಾರುಗಳ ಮೆರವಣಿಗೆ ನಡೆಯುವ ವಾಡಿಕೆ 1995ರಿಂದ ಬೆಳೆದುಬಂದಿದೆ. ಪಾಂಟಿಯಾಕ್ ಜಿಟಿಓ, ಶೆವೆಲ್, ಚಾರ್ಜರ್, ಮಸ್ಟಾಂಗ್ ಮೊದಲಾದ ವಾಹನಗಳು ಗಂಭೀರವಾದ ಗುಡುಗಿನ ದನಿಯಲ್ಲಿ ಸಾಲಾಗಿ ಸಾಗುವುದನ್ನು ಕಂಡವರಲ್ಲಿ ಅನೇಕರಿಗೆ, ಇಂತಹದೊಂದು ತಮ್ಮ ಮನೆಯಲ್ಲಿಯೂ ಇರಬಾರದೆ ಎಂಬ ಆಸೆ ಅಂಕುರಿಸುತ್ತದೆ. ಆಸೆ ಸಹಜವಾದದ್ದು; ಆದರೆ ಕೊಂಡ ಕಾರು ನಮ್ಮನ್ನು ಹೋದೆಡೆಯಿಂದ ಮನೆಗೆ ಮರಳಿ ತಂದು ಬಿಡುವುದೆ ಎಂಬ ಪ್ರಶ್ನೆಗೆ ಉತ್ತರವನ್ನು ಆಸೆಯಿಂದ ಕೇಳಲಾಗದು, ಲೋಹದಿಂದ ಕೇಳಬೇಕು.

ಮಸಲ್ ಕಾರು ಎಂದು ಹೆಸರಾದ ಈ ವರ್ಗದ ಆದಿಪುರುಷನೆಂದು ಬಹುಮಂದಿ ಒಪ್ಪುವುದು 1964ರ ಪಾಂಟಿಯಾಕ್ ಜಿಟಿಓವನ್ನು. ಪಾಂಟಿಯಾಕ್ ಸಂಸ್ಥೆಯ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ ಮತ್ತು ಆತನ ಸಹೋದ್ಯೋಗಿಗಳು, ದೊಡ್ಡ ಕಾರುಗಳಿಗೆಂದು ಮೀಸಲಾಗಿದ್ದ 6.4 ಲೀಟರಿನ, ಎಂಟು ಸಿಲಿಂಡರುಗಳ ಎಂಜಿನ್ನನ್ನು ಮಧ್ಯಮ ಗಾತ್ರದ ಹಗುರವಾದ ಒಡಲಲ್ಲಿ ಕೂರಿಸಿ, 325 ಅಶ್ವಶಕ್ತಿಯನ್ನು ಸಾಮಾನ್ಯ ತರುಣನ ಕೈಗೆ ನಿಲುಕುವ ಬೆಲೆಗೆ ಒದಗಿಸಿದರು. ಮುಂದೆ 1970ರ ದಶಕದಲ್ಲಿ ಹೊಗೆಯ ನಿಯಂತ್ರಣದ ಕಾನೂನುಗಳೂ 1973ರ ತೈಲದ ಅಭಾವವೂ ಕೂಡಿ ಆ ಯುಗವನ್ನು ಮುಗಿಸಿದುವು. ಆದುದರಿಂದ ಇಂದು ಮಾರಾಟಕ್ಕೆ ಬರುವ ಆ ಪೀಳಿಗೆಯ ಕಾರುಗಳಲ್ಲಿ ಅತ್ಯಂತ ಕಿರಿಯದಕ್ಕೂ 50 ವರ್ಷ ತುಂಬಿದೆ. ಅಷ್ಟು ಕಾಲ ಬಾಳಲೆಂದು ಅವನ್ನು ಯಾರೂ ಕಟ್ಟಿರಲಿಲ್ಲ.

ಯಂತ್ರದ ವಿಶ್ವಸನೀಯತೆಯೆಂಬುದಕ್ಕೆ ತನ್ನದೇ ಆದ ಒಂದು ಗಣಿತವುಂಟು. ಯಂತ್ರವೊಂದರಲ್ಲಿ ನೂರು ಭಾಗಗಳಿದ್ದು, ಯಾವುದೊಂದು ಕೆಟ್ಟರೂ ಇಡೀ ಯಂತ್ರ ನಿಲ್ಲುವುದೆಂದು ಭಾವಿಸೋಣ. ಒಂದೊಂದು ಭಾಗವೂ ಈ ವರ್ಷ ಕೆಡದೆ ಉಳಿಯುವ ಸಂಭವ ನೂರಕ್ಕೆ 99 ಇದ್ದರೆ, ಯಂತ್ರವೆಲ್ಲ ಉಳಿಯುವ ಸಂಭವ ಆ ನೂರನ್ನೂ ಒಂದರಿಂದೊಂದು ಗುಣಿಸಿದಾಗ ಬರುವ ಗುಣಲಬ್ಧ, ಅಂದರೆ ನೂರಕ್ಕೆ ಸುಮಾರು 37 ಮಾತ್ರ. ಎಲ್ಲವೂ ತಕ್ಕಮಟ್ಟಿಗೆ ಚೆನ್ನಾಗಿರುವ ಕಾರು ದಾರಿಯಲ್ಲಿ ಪದೇ ಪದೇ ಏಕೆ ನಿಲ್ಲುವುದೆಂಬುದರ ಗುಟ್ಟು ಇದೇ. ಸ್ವೀಡನ್ ದೇಶದ ವಾಲೋಡಿ ವೈಬುಲ್ 1951ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಪ್ರಸಿದ್ಧಿಗೆ ಬಂದ ಸೂತ್ರವೊಂದು ಇನ್ನೊಂದು ಸಂಗತಿಯನ್ನು ಬೆಳಗುತ್ತದೆ: ಕೆಲವು ಭಾಗಗಳು ಸವೆತದಿಂದ ಮುಪ್ಪಿನಲ್ಲಿ ಕೆಡುತ್ತವೆ, ಕೆಲವು, ಜೋಡಣೆಯ ದೋಷದಿಂದ, ಹೊಸದರಲ್ಲಿಯೇ ಕೆಡುತ್ತವೆ. ನಿನ್ನೆ ಮೊನ್ನೆ ಜೀರ್ಣೋದ್ಧಾರಗೊಂಡ ಕಾರು ಮುಪ್ಪನ್ನು ಕಳೆದುಕೊಂಡಿರಬಹುದು, ಆದರೆ ಶೈಶವದ ಅಪಾಯಗಳನ್ನು ಮತ್ತೆ ತಂದುಕೊಂಡಿರುತ್ತದೆ. ಆದಕಾರಣ, ಜೀರ್ಣೋದ್ಧಾರವಾದ ಮೇಲೆ ನಾಲ್ಕೈದು ಸಾವಿರ ಮೈಲಿ ಓಡಿ ಪಳಗಿದ ಕಾರನ್ನು, ಓಡದೆ ಥಳಥಳಿಸುತ್ತಿರುವ ಕಾರಿಗಿಂತ ಹೆಚ್ಚಾಗಿ ನಾನು ನಂಬುತ್ತೇನೆ. ಮೈಲಿಯ ಮೀಟರನ್ನಂತೂ ನೆಚ್ಚುವಂತಿಲ್ಲ. ಆ ಕಾಲದ ಮೀಟರುಗಳಲ್ಲಿ ಸಾಮಾನ್ಯವಾಗಿ ಐದೇ ಅಂಕಿಗಳಿದ್ದು, 99,999 ದಾಟಿದೊಡನೆ ಅವು ಸೊನ್ನೆಗೆ ಮರಳುತ್ತಿದ್ದುವು.

ಪರೀಕ್ಷೆಯನ್ನು ಎಂಜಿನ್ನಿನಿಂದ ಆರಂಭಿಸುವುದು ಬಹುಜನರ ರೂಢಿ. ನನ್ನ ಮತ ಬೇರೆ. ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು, ಬೇರೊಂದನ್ನು ತಂದು ಕೂರಿಸಲೂಬಹುದು. ತುಕ್ಕು ಹಿಡಿದ ಒಡಲನ್ನು ಸರಿಪಡಿಸುವುದು ಹೊಸ ಒಡಲನ್ನು ಕಟ್ಟಿದಷ್ಟೇ ಕಷ್ಟ. ತುಕ್ಕು ಎಂಬುದು ಕಬ್ಬಿಣದ ಮೇಲೆ ಒಂದೇ ಸಮನಾಗಿ ಹರಡುವ ರೋಗವಲ್ಲ. ಕೇಂಬ್ರಿಜ್ಜಿನ ಯೂಲಿಕ್ ಇವಾನ್ಸ್ ಎಂಬ ವಿಜ್ಞಾನಿ ಉಜ್ಜಿ ಹೊಳಪಿಟ್ಟ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು ಇದನ್ನು ಮನದಟ್ಟು ಮಾಡಿಕೊಟ್ಟನು. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಧಾರಾಳವಾಗಿ ದೊರೆಯುತ್ತದೆ, ನಡುವಿಗೆ ದೊರೆಯದು. ಆಮ್ಲಜನಕ ಹೆಚ್ಚಿರುವ ಅಂಚು ಕೆಡುವುದೆಂದು ನಾವು ಎಣಿಸಿದರೆ, ನಿಜವಾಗಿ ಕರಗುವುದು ಅದು ಕಡಮೆಯಿರುವ ನಡುಭಾಗದ ಕಬ್ಬಿಣ. ಅಲ್ಲಿ ಕಬ್ಬಿಣದ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿಗಿಳಿಯುತ್ತವೆ, ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿನ ಆಮ್ಲಜನಕವನ್ನು ಸೇರುತ್ತವೆ. ಉಪ್ಪು ನೀರನ್ನು ಒಳ್ಳೆಯ ವಿದ್ಯುದ್ವಾಹಕವಾಗಿಸಿ ಈ ವ್ಯಾಪಾರವನ್ನು ತ್ವರೆಗೊಳಿಸುತ್ತದೆ. ಕಾರಿನಲ್ಲಿ ಈ ಹನಿಯ ನಡುಭಾಗದ ಪಾತ್ರವನ್ನು ವಹಿಸುವುವು ಯಾವುವೆಂದರೆ, ಕೆಸರು ಮೆತ್ತಿದ ಚಕ್ರದ ಕಮಾನಿನ ಒಳಮೈ, ಬಾಗಿಲ ಕೆಳಗಣ ಪಟ್ಟಿಯ ಪೊಳ್ಳು, ಡಿಕ್ಕಿಯ ತಳದ ಮೂಲೆ, ಎರಡು ತಗಡುಗಳನ್ನು ಬೆಸೆದ ಸಂದು. ಗಾಳಿಯೂ ಕಣ್ಣೂ ಹೋಗಲಾರದ ಎಡೆಗಳೇ ಅವು. ಹೊರಮೈಯ ಬಣ್ಣದಲ್ಲಿ ಸಣ್ಣ ಗುಳ್ಳೆಯೊಂದು ಕಂಡಿತೆಂದರೆ, ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ಹಿಡಿಯುವ ತುಕ್ಕು ಒಳಗಿನಿಂದ ಉಬ್ಬಿ ಬಣ್ಣವನ್ನು ಎತ್ತಿದೆಯೆಂದೇ ತಿಳಿಯಬೇಕು.

ಒಂದು ಸಲ ನನ್ನ ತಂಗಿಯ ಮಗನೊಡನೆ ಡೆಟ್ರಾಯಿಟ್ಟಿನ ಹೊರವಲಯದಲ್ಲಿ 1967ರ ಕೆಂಪು ಮಸ್ಟಾಂಗೊಂದನ್ನು ನೋಡಲು ಹೋಗಿದ್ದೆನು. "ಮಾವ, ಬಣ್ಣ ನೋಡಿ, ಮುಖ ಕಾಣಿಸುತ್ತೆ!" ಎಂದು ಹುಡುಗ ಹಿಗ್ಗಿದನು. ಬಣ್ಣಕ್ಕೆ ಗೀರು ಬೀಳದಂತೆ ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ನಾನು ಜೇಬಿನಿಂದ ತೆಗೆದು ಒಡಲ ಮೇಲೆ ಸರಿಸುತ್ತ ಹೋದೆ. ಬಾನೆಟ್ಟಿನ ಮೇಲೆ ಅದು ಗಟ್ಟಿಯಾಗಿ ಅಂಟಿತು. ಹಿಂದಿನ ಚಕ್ರದ ಕಮಾನಿನ ಬಳಿಗೆ ಬಂದಾಗ ಹಿಡಿತ ಸಡಲಿ ಕೈಗೆ ಬಿದ್ದಿತು. ಅಯಸ್ಕಾಂತದ ಸೆಳೆತ ಅಂತರ ಹೆಚ್ಚಿದಂತೆ ಬಹುಬೇಗ ಕುಗ್ಗುವುದಾದ್ದರಿಂದ, ಬಣ್ಣದಡಿಯಲ್ಲಿ ಕೆಲವು ಮಿಲಿಮೀಟರು ದಪ್ಪದ ಪುಟ್ಟಿಯಿದ್ದರೂ ಅದು ಬಯಲಾಗದೆ ಇರದು. ಬಳಿಕ ಮಾಲಿಕನ ಒಪ್ಪಿಗೆ ಪಡೆದು, ಮುಂಗಾಜಿನ ಬುಡದಲ್ಲಿರುವ ಗಾಳಿಯ ಜಾಲರಿಯ ಮೇಲೆ ಒಂದು ಬಕೆಟ್ ನೀರನ್ನು ಮೆಲ್ಲಗೆ ಸುರಿದೆವು. ಆ ಪೀಳಿಗೆಯ ಮಸ್ಟಾಂಗುಗಳಲ್ಲಿ ಆ ಜಾಲರಿಯ ಕೆಳಗೆ ಎರಡು ತಗಡುಗಳನ್ನು ಕೂಡಿಸಿ ಬೆಸೆದ ಪೆಟ್ಟಿಗೆಯಂತಹ ಭಾಗವುಂಟು. ಅದರೊಳಗೆ ಎಲೆ ಕಸ ಸೇರಿ, ತೇವ ನಿಂತು, ಒಳಗಿನಿಂದಲೇ ಕೊಳೆಯುತ್ತದೆ. ಅರೆನಿಮಿಷದಲ್ಲಿ ಕಾಲಿಡುವೆಡೆಯ ಕಾರ್ಪೆಟ್ಟಿನ ಮೇಲೆ ನೀರು ತೊಟ್ಟಿಕ್ಕಿತು. ಅದನ್ನು ಸರಿಪಡಿಸಲು ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವನ ಸಂಕಟ ನನಗೂ ತಾಕಿತು.

ಜಿಟಿಓ ಮತ್ತು ಶೆವೆಲ್ ಕಾರುಗಳಲ್ಲಿ ಒಡಲು ಬೇರೆ, ಅದನ್ನು ಹೊರುವ ಉಕ್ಕಿನ ಚೌಕಟ್ಟು ಬೇರೆ. ಮಸ್ಟಾಂಗ್, ಚಾರ್ಜರುಗಳಲ್ಲಿ ಒಡಲೇ ಅಸ್ಥಿಪಂಜರ. ಎರಡನೆಯ ಬಗೆಯಲ್ಲಿ ನೆಲದ ತಗಡು ತುಕ್ಕಾದರೆ ಕಾರಿನ ಬಲವೇ ಕುಂದುವುದು. ಹೀಗಾಗಿ ಅರಿಜೋನದಂತಹ ಒಣನಾಡಿನಲ್ಲಿ ಬಾಳಿದ, ಬಣ್ಣ ಮಾಸಿದ ಕಾರನ್ನು ಬಲ್ಲವರು ಆದರದಿಂದ ಕಾಣುತ್ತಾರೆ.

ಎಂಜಿನ್ನಿನ ಬಳಿಗೆ ಹೋದಾಗ ಮೊದಲು ಮಾಡತಕ್ಕದ್ದು ಬಾನೆಟ್ಟಿನ ಮೇಲೆ ಅಂಗೈಯಿಡುವುದು. ಬೆಚ್ಚಗಿದ್ದರೆ, ಮಾರುವಾತನು ನೀವು ಬರುವುದಕ್ಕೆ ಮುಂಚೆಯೇ ಅದನ್ನು ಓಡಿಸಿದ್ದಾನೆ. ತಣ್ಣನೆಯ ಎಂಜಿನ್ ಹೇಳುವ ನಿಜವನ್ನು ಬಿಸಿಯಾದದ್ದು ಹೇಳದು. ರಾತ್ರಿಯೆಲ್ಲ ವಾಲ್ವಿನ ಪಕ್ಕದಿಂದ ಜಿನುಗಿದ ಎಣ್ಣೆ ಮೊದಲ ಚಾಲನೆಯಲ್ಲಿ ನೀಲಿಯ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಎಷ್ಟು ಹೊತ್ತಾದರೂ ನಿಲ್ಲದ, ಸಿಹಿವಾಸನೆಯ ಬಿಳಿಯ ಹೊಗೆ ರೇಡಿಯೇಟರಿನ ದ್ರವ ಸಿಲಿಂಡರಿಗೆ ಇಳಿಯುತ್ತಿದೆಯೆಂಬುದರ ಗುರುತು.

ಇದಕ್ಕಿಂತಲೂ ಸೂಕ್ಷ್ಮವಾದ ಪರೀಕ್ಷೆಯೊಂದುಂಟು. ನನಗೆ ಅದು ವೈದ್ಯನು ಎದೆಗೆ ಕಿವಿಗೊಟ್ಟು ಕೇಳುವುದನ್ನು ನೆನಪಿಗೆ ತರುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಆ ಸಿಲಿಂಡರಿನ ಪಿಸ್ಟನ್ನು ತುತ್ತತುದಿಗೇರಿ ವಾಲ್ವುಗಳೆರಡೂ ಮುಚ್ಚಿರುವ ಸ್ಥಿತಿಯಲ್ಲಿ ಎಂಜಿನ್ನನ್ನು ನಿಲ್ಲಿಸಿ, ಪ್ಲಗ್ಗಿನ ರಂಧ್ರದಿಂದ ಚದರಂಗುಲಕ್ಕೆ 100 ಪೌಂಡಿನ ಒತ್ತಡದ ಗಾಳಿಯನ್ನು ಒಳಗೆ ಬಿಡುತ್ತಾರೆ. ಸೋರಿಹೋಗುವ ಅಂಶ ನೂರಕ್ಕೆ 10ರೊಳಗಿದ್ದರೆ ಆರೋಗ್ಯ. 25 ದಾಟಿದರೆ ವ್ಯಾಧಿ. ವ್ಯಾಧಿಯ ನೆಲೆಯನ್ನು ಆ ಗಾಳಿಯೇ ತಿಳಿಸುವುದು: ಕಾರ್ಬ್ಯುರೇಟರಿನಲ್ಲಿ ಸುಯ್ಯೆಂದರೆ ಒಳಬಿಡುವ ವಾಲ್ವು, ಸೈಲೆನ್ಸರಿನಲ್ಲಿ ಕೇಳಿದರೆ ಹೊರಬಿಡುವ ವಾಲ್ವು, ಎಣ್ಣೆ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ನಿನ ಉಂಗುರಗಳು, ರೇಡಿಯೇಟರಿನಲ್ಲಿ ಗುಳ್ಳೆಯೆದ್ದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್.

ಹೊರಬಿಡುವ ವಾಲ್ವಿನ ವಿಷಯದಲ್ಲಿ ಇತಿಹಾಸದ ಒಂದು ಎಳೆಯೂ ಸೇರಿದೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವೊಂದನ್ನು ಬೆರಸುತ್ತಿದ್ದರು. ಮಿನಿಟಿಗೆ 3,000 ಸುತ್ತು ತಿರುಗುವಾಗ 1,500 ಸಲ ಬಡಿದು ಮುಚ್ಚುವ, ಕಾದು ಕೆಂಪಾದ ವಾಲ್ವು ತನ್ನ ಪೀಠಕ್ಕೆ ಕಿಂಚಿತ್ತೂ ಬೆಸೆದುಕೊಳ್ಳದಂತೆ ಆ ಸೀಸದ ತೆಳುಪದರ ತಡೆಯುತ್ತಿತ್ತು. ಮಕ್ಕಳ ಮಿದುಳಿಗೆ ವಿಷವಾಗಿದ್ದ ಆ ಸೀಸವನ್ನು ಅಮೆರಿಕದ ರಸ್ತೆಗಳಿಂದ 1996ರ ಮೊದಲ ದಿನದಿಂದ ಪೂರ್ಣವಾಗಿ ಬಹಿಷ್ಕರಿಸಿದ್ದು ಸರ್ವಥಾ ಉಚಿತವೇ. ಆದರೆ ಗಡುಸುಗೊಳಿಸದ ಹಳೆಯ ಪೀಠಗಳು, ಹೆದ್ದಾರಿಯ ದೀರ್ಘ ಓಟದಲ್ಲಿ, ಆ ರಕ್ಷಣೆಯಿಲ್ಲದೆ ಸವೆಯುತ್ತವೆ. ಸಿಲಿಂಡರ್ ಹೆಡ್ಡುಗಳಿಗೆ ಗಡುಸಾದ ಪೀಠಗಳನ್ನು ಕೂರಿಸಿದೆಯೆ ಎಂದು ಕೇಳಿ, ರಸೀದಿಯನ್ನು ಕಣ್ಣಾರೆ ನೋಡಬೇಕು.

ಎಂಜಿನ್ನಿನ ಮೇಲೆ ಕೊರೆದ ಅಂಕಿ ಕಾರಿನ ಅಂಕಿಯೊಡನೆ ಹೊಂದುವುದೆ ಎಂಬ ವಿಚಾರ ಸಂಗ್ರಾಹಕರಿಗೆ ಪ್ರಾಣಪ್ರಾಯವಾದದ್ದು. ಅದರಿಂದ ಬೆಲೆ ಏರುವುದು ನಿಜ, ಓಟದ ಭರವಸೆ ಏರದು.

ಓಡದೆ ನಿಂತ ಕಾರಿಗೆ ಬೇರೆ ಬಗೆಯ ಮುಪ್ಪು. ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ. ಪೆಟ್ರೋಲು ಆವಿಯಾಗಿ ಕಾರ್ಬ್ಯುರೇಟರಿನಲ್ಲಿ ಅಂಟನ್ನುಳಿಸುತ್ತದೆ. ಇಂದಿನ ಪೆಟ್ರೋಲಿನ ಎಥನಾಲ್ ಹಳೆಯ ಕೊಳವೆಗಳನ್ನು ಕೆಡಿಸುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕಂಕಿ 2314 ಎಂದಿದ್ದರೆ ಅದು 2014ರ 23ನೆಯ ವಾರದ್ದು. ಗೆರೆಗಳು ಸವೆಯದಿದ್ದರೂ ಅದನ್ನು ನಂಬಿ ವೇಗವಾಗಿ ಹೋಗಬಾರದು. 1967ಕ್ಕೆ ಹಿಂದಿನ ಬಹುಪಾಲು ಕಾರುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ದ್ರವಮಾರ್ಗವಿದ್ದು, ಒಂದೆಡೆ ಸೋರಿದರೆ ಪೆಡಲು ನೆಲಕ್ಕಿಳಿಯುತ್ತದೆ. ಇದನ್ನು ಎರಡು ಮಾರ್ಗಗಳ ವ್ಯವಸ್ಥೆಗೆ ಬದಲಾಯಿಸಿಕೊಳ್ಳದೆ ಮನೆಯವರನ್ನು ಕೂರಿಸಿಕೊಂಡು ಹೊರಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಡೆಯದಾಗಿ ಓಡಿಸಿ ನೋಡುವುದು. ಹತ್ತು ನಿಮಿಷ ಸಾಲದು. ಲೋಹವೆಲ್ಲ ಬಿಸಿಯುಂಡು ಹಿಗ್ಗಲು ಮುಕ್ಕಾಲು ಗಂಟೆಯಾದರೂ ಬೇಕು. ಹಿಂದಿರುಗಿ ಬಂದು ಎಂಜಿನ್ನನ್ನು ನಿಲ್ಲಿಸಿ, ಕಾಲುಗಂಟೆ ಬಿಟ್ಟು ಮತ್ತೆ ಚಾಲೂ ಮಾಡಿ, ಬಿಸಿಯಲ್ಲಿಯೂ ತಟ್ಟನೆ ಎಚ್ಚರಗೊಳ್ಳುವುದೆ ಎಂದು ಪರೀಕ್ಷಿಸಬೇಕು. ಆ ಕಾಲುಗಂಟೆಯ ಬಿಡುವಿನಲ್ಲಿ ಕಾರಿನಡಿಗೆ ದೊಡ್ಡದೊಂದು ಬಿಳಿಯ ರಟ್ಟನ್ನು ಹಾಸಿರಿ. ಮುಂಭಾಗದಲ್ಲಿ ಕಪ್ಪು ಹನಿ ಬಿದ್ದರೆ ಎಂಜಿನ್ನಿನ ಎಣ್ಣೆ, ನಡುವೆ ಕೆಂಪು ಹನಿಯಾದರೆ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಯದು, ಹಸುರಾದರೆ ರೇಡಿಯೇಟರಿನದು, ಚಕ್ರದ ಒಳಮಗ್ಗುಲಲ್ಲಿ ತಿಳಿಯಾದ ಜಿಡ್ಡು ಕಂಡರೆ ಬ್ರೇಕಿನದು. ಮಾರುವಾತನು ಆ ಹೊತ್ತಿನಲ್ಲಿ ಒಳಗಿನಿಂದ ಹಳೆಯ ರಸೀದಿಗಳ ಕಟ್ಟನ್ನು ತಂದು ನಿಮ್ಮ ಕೈಗಿತ್ತನೆಂದರೆ, ರಟ್ಟಿನ ಪಕ್ಕದಲ್ಲಿಯೇ ಕುಳಿತು ಅದನ್ನು ಮೊದಲ ಹಾಳೆಯಿಂದ ಓದತೊಡಗಿರಿ.